ಮೊದಲ ಸಂಪಾದಕರ ಕಾಗದಗಳು

ನಾಲ್ಕೈದು ದಶಕಗಳ ಹಿಂದಿನವರೆಗೂ ನಮ್ಮ ಮನೆಗಳ ನಡುಮನೆಯಲ್ಲಿ ಕಾಗದ ಚುಚ್ಚುವ ತಂತಿಯೊಂದು ತೂಗುತ್ತಿತ್ತು. ಬುಡದಲ್ಲಿ ಒಂದು ಮರದ ಬಿಲ್ಲೆ, ತುದಿಯಲ್ಲಿ ಒಂದು ಕೊಕ್ಕೆ. ಅಂಚೆಯಲ್ಲಿ ಬಂದ ಕಾಗದವನ್ನು ಮನೆಮಂದಿಗೆಲ್ಲ ಓದಿ ಹೇಳಿದ ಮೇಲೆ ಅದನ್ನು ಆ ತಂತಿಗೆ ಚುಚ್ಚಿ ಕೆಳಕ್ಕೆ ಇಳಿಸುವುದು ಯಜಮಾನನ ಕೆಲಸ. ಯಲಹಂಕದ ನಮ್ಮ ಹಳೆಯ ಮನೆಯಲ್ಲಿ ಅಂಥ ಎರಡು ತಂತಿಗಳಿದ್ದವು. ಬುಡದಲ್ಲಿರುವುದು ಹಳೆಯದು, ತುದಿಯಲ್ಲಿರುವುದು ಹೊಸದು; ಚರಿತ್ರಕಾರನಿಗೆ ಬೇಕಾದ ಕಾಲಾನುಕ್ರಮ ಅಲ್ಲಿ ತಾನಾಗಿಯೇ ಸಿದ್ಧವಾಗಿರುತ್ತಿತ್ತು. ಆದರೆ ಒಂದು ಬಗೆಯ ಕಾಗದ ಮಾತ್ರ ಆ ತಂತಿಯನ್ನು ಎಂದೂ ಸೇರುತ್ತಿರಲಿಲ್ಲ. ಸಾವಿನ ಸುದ್ದಿಯನ್ನು ಹೊತ್ತು ತಂದ ಕಾಗದವನ್ನು ಹೊಸಿಲಿನ ಹೊರಗೇ ಓದಿ, ಹರಿದು ಎಸೆದು, ಸ್ನಾನ ಮಾಡಿ ಒಳಗೆ ಬರುವುದು ವಾಡಿಕೆ. ಹೀಗಾಗಿ ಒಂದು ಮನೆತನದ ಬಾಳಿನಲ್ಲಿ ಅತ್ಯಂತ ಭಾರವಾದ ದಿನ ಯಾವುದೋ ಆ ದಿನದ ಕಾಗದವೇ ನಮ್ಮಲ್ಲಿ ಉಳಿಯುವುದಿಲ್ಲ.

ಈ ಮಾತನ್ನು ಮೊದಲಿಗೇ ಹೇಳಲು ಕಾರಣವಿದೆ. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರ ಖಾಸಗಿ ಕಾಗದಪತ್ರಗಳನ್ನು ಕುರಿತು ಒಂದೆರಡು ವಿಚಾರಗಳನ್ನು ನಿಮ್ಮ ಮುಂದಿಡಬೇಕೆಂದು ನಾನು ಹೊರಟಿದ್ದೇನೆ. ಆ ಸಂಪಾದಕರು ಕನ್ನಡಿಗರಲ್ಲ. ಆ ಕಾಗದಗಳ ಭಾಷೆಯೂ ಬಹುಮಟ್ಟಿಗೆ ಕನ್ನಡವಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಂಗಳೂರಿನಲ್ಲಿಯೂ ಕೊಡಗಿನಲ್ಲಿಯೂ ಒಬ್ಬ ಮನುಷ್ಯ ಏನನ್ನು ಕಂಡ, ಏನನ್ನು ನೆನೆದ ಎಂಬುದನ್ನು ತಿಳಿಯಬೇಕಾದರೆ ನಾವು ಆ ಕಾಗದಗಳ ಬಾಗಿಲಿಗೇ ಹೋಗಬೇಕಾಗಿದೆ.

ಹೆರ್ಮನ್ ಮೊಗ್ಲಿಂಗರು ಹುಟ್ಟಿದ್ದು 1811ರಲ್ಲಿ, ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ಓದಿ, ಬಾಸೆಲ್ ಮಿಶನ್ ಸಂಸ್ಥೆಯನ್ನು ಸೇರಿ, 1836ರ ಕೊನೆಯ ಹೊತ್ತಿಗೆ ಮಂಗಳೂರಿಗೆ ಬಂದರು. ಆ ಸಂಸ್ಥೆಯ ಮೊದಲ ಮೂವರು ಮಿಶನರಿಗಳು ಮಂಗಳೂರನ್ನು ಮುಟ್ಟಿ ಆಗ ಎರಡು ವರ್ಷವಷ್ಟೇ ಆಗಿತ್ತು. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯ ಏರ್ಪಟ್ಟಿತು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಬಂತು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದರಿಂದಲೇ. ಪಕ್ಷಕ್ಕೊಮ್ಮೆ ಬರುತ್ತಿದ್ದ ಆ ಪುಟ್ಟ ಪತ್ರಿಕೆಯಲ್ಲಿ ಊರಿನ ವರ್ತಮಾನ, ಕುಂಪಣಿ ಸರಕಾರದ ಆಜ್ಞೆಗಳು, ಬೇರೆ ರಾಜ್ಯಗಳ ಸುದ್ದಿ, ಕಥೆ, ಹಾಡು ಎಲ್ಲವೂ ಇದ್ದವು. ಚಾವಡಿಯಲ್ಲಿ, ಅಂಗಡಿ ಬೀದಿಯಲ್ಲಿ ಬಾಯಿಂದ ಬಾಯಿಗೆ ಹರಿಯುವ ಸುದ್ದಿಯಲ್ಲಿ ನಿಜವೆಷ್ಟು ಸುಳ್ಳೆಷ್ಟು ಎಂಬುದು ತಿಳಿಯದೆ ಜನ ತೊಳಲುತ್ತಾರೆ, ಅದಕ್ಕಾಗಿ ಈ ಪತ್ರಿಕೆ ಎಂಬುದು ಮೊದಲ ಸಂಚಿಕೆಯಲ್ಲಿ ಹೇಳಿದ ಉದ್ದೇಶದ ಸಾರಾಂಶ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಲ್ಲಚ್ಚೆಂದರೆ ಮೊಳೆ ಜೋಡಿಸಿ ಮಾಡುವ ಮುದ್ರಣವಲ್ಲ. ಜಿಡ್ಡಿನ ಮಸಿಯಿಂದ ಕೈಯಲ್ಲಿ ಬರೆದ ಬರವಣಿಗೆಯನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಮೂಡಿಸಿ, ಕಲ್ಲಿಗೆ ನೀರು ಸವರಿ, ಮಸಿಯ ಉರುಳೆ ಆಡಿಸಿದರೆ ಬರೆದ ಗೆರೆ ಮಾತ್ರ ಮಸಿಯನ್ನು ಹಿಡಿಯುತ್ತದೆ. ಒದ್ದೆಯಾದ ಬಯಲು ಭಾಗ ಹಿಡಿಯುವುದಿಲ್ಲ. ಒತ್ತಕ್ಷರಗಳೂ ಗುಣಿತಾಕ್ಷರಗಳೂ ತುಂಬಿರುವ ಕನ್ನಡಕ್ಕೆ ಮೊಳೆ ಎರಕ ಹೊಯ್ಯುವುದು ದುಬಾರಿಯ ಕೆಲಸವಾಗಿದ್ದ ಕಾಲದಲ್ಲಿ ಈ ವಿಧಾನ ಅನುಕೂಲವಾಗಿ ಒದಗಿತು. ಅಂದರೆ ಕನ್ನಡದ ಮೊದಲ ಪತ್ರಿಕೆ ಕೈಬರಹದ ಪತ್ರಿಕೆ. ಓದುಗನ ಕೈಗೆ ಬಂದದ್ದು ಒಂದು ಬಗೆಯ ಕಾಗದವೇ. ಒಬ್ಬನಿಗೆ ಬರೆಯದೆ ಊರಿಗೇ ಬರೆದ ಕಾಗದ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ವೆಂಬ ಹೆಸರು ಪಡೆದು ಅಚ್ಚುಮೊಳೆಯಲ್ಲಿ ಮುದ್ರಿತವಾಗತೊಡಗಿದಾಗ ಆ ಕೈಯ ಗುರುತು ಅಳಿಸಿಹೋಯಿತು. ಕಲ್ಲಚ್ಚಿನ ಕಲ್ಲನ್ನಾದರೋ ಮುಂದಿನ ಸಂಚಿಕೆಗಾಗಿ ಪ್ರತಿ ಬಾರಿಯೂ ಉಜ್ಜಿ ಒರಸಿಬಿಡುತ್ತಾರೆ. 2018ರಲ್ಲಿ ನಮ್ಮ ಹೆಬ್ಬಾಳದಲ್ಲಿ ಕಿತ್ತಯ್ಯನೆಂಬ ವೀರನ ಕಲ್ಲು ಸಿಕ್ಕಿತಷ್ಟೆ; ಎಂಟನೆಯ ಶತಮಾನದ ಆ ಕಲ್ಲು ಅವನ ಹೆಸರನ್ನು ಇಂದಿಗೂ ಹೇಳುತ್ತಿದೆ. ಮಂಗಳೂರಿನ ಕಲ್ಲು ಹಾಗೆ ಯಾರ ಹೆಸರನ್ನೂ ಉಳಿಸಲಿಲ್ಲ. ಅದರ ಸುದ್ದಿಯನ್ನು ನಮಗೆ ಮುಟ್ಟಿಸಿದ್ದು ಕಾಗದವೇ.

ಮೊಗ್ಲಿಂಗರು ಬರೆಯುತ್ತಿದ್ದ ಕಾಗದಗಳಲ್ಲಿ ಎರಡು ಜಾತಿ. ಒಂದು, ಬಾಸೆಲಿನ ಸಮಿತಿಗೆ ಕಳುಹಿಸಲೇಬೇಕಾಗಿದ್ದ ವರದಿಗಳು. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬ ಮಿಶನರಿಯೂ ತಾನು ಮಾಡಿದ ಕೆಲಸದ ಲೆಕ್ಕ ಒಪ್ಪಿಸಬೇಕು. ಅವುಗಳಿಂದ ಆಯ್ದ ಭಾಗಗಳು ಸಂಸ್ಥೆಯ ಪತ್ರಿಕೆಗಳಲ್ಲಿ ಅಚ್ಚಾಗಿ, ಹಣ ಕೊಡುವ ಭಕ್ತಾದಿಗಳ ಕೈಸೇರುತ್ತಿದ್ದವು. ಆದುದರಿಂದ ವರದಿ ಬರೆಯುವವನಿಗೆ ತನ್ನ ಓದುಗರು ಯಾರೆಂಬುದು ಸದಾ ನೆನಪಿರುತ್ತಿತ್ತು. ಇನ್ನೊಂದು ಜಾತಿ, ಗೆಳೆಯರಿಗೂ ಬಂಧುಗಳಿಗೂ ಬರೆದ ಕಾಗದಗಳು. ಇವುಗಳಿಗೆ ಅಂಥ ಕಟ್ಟುಪಾಡಿಲ್ಲ. ವ್ಯೂರ್ಟೆಂಬರ್ಗ್ ಸೀಮೆಯ ಭಕ್ತಿಪಂಥದವರಲ್ಲಿ ಒಂದು ಹಳೆಯ ಅಭ್ಯಾಸವಿತ್ತು: ದಿನಚರಿಯಲ್ಲಿಯೂ ಕಾಗದದಲ್ಲಿಯೂ ತಮ್ಮ ಅಂತರಂಗವನ್ನು ತಾವೇ ಶೋಧಿಸಿಕೊಳ್ಳುವುದು, ಸೋಲನ್ನು, ಸಂದೇಹವನ್ನು, ಸಿಟ್ಟನ್ನು ಸಹಧರ್ಮಿಯ ಮುಂದೆ ಒಪ್ಪಿಕೊಳ್ಳುವುದು. ನಮ್ಮ ಕಾಗದಗಳಲ್ಲಿ ‘ಉಭಯ ಕುಶಲೋಪರಿ’ ಎಂದು ಆರಂಭಿಸಿ ನೇರವಾಗಿ ಜಮೀನಿನ ವಿಷಯಕ್ಕೋ ಮದುವೆಯ ವಿಷಯಕ್ಕೋ ಇಳಿಯುವುದು ರೂಢಿ. ಆ ನುಡಿಗಟ್ಟು ಮನಸ್ಸಿನ ಬಾಗಿಲಿಗೆ ಹಾಕಿದ ಅಗುಳಿ. ಅವರ ಕಾಗದಗಳಿಗೆ ಆ ಅಗುಳಿ ಇರಲಿಲ್ಲ.

ಮೊಗ್ಲಿಂಗರ ಪತ್ರಸ್ನೇಹಿತರಲ್ಲಿ ಮೊದಲಿಗೆ ಹೇಳಬೇಕಾದ ಹೆಸರು ಹೆರ್ಮನ್ ಗುಂಡರ್ಟರದು. ಇಬ್ಬರ ಹೆಸರೂ ಒಂದೇ, ಓದಿದ್ದೂ ಒಂದೇ ಟ್ಯೂಬಿಂಗನ್ನಿನಲ್ಲಿ. ಗುಂಡರ್ಟರು 1836ರಲ್ಲಿ ಬೇರೊಂದು ದಾರಿಯಿಂದ ಮದರಾಸಿಗೆ ಬಂದಿಳಿದು, 1838ರಲ್ಲಿ ಮಂಗಳೂರಿಗೆ ಬಂದು ಗೆಳೆಯನ ಸಂಸ್ಥೆಯನ್ನೇ ಸೇರಿದರು. ಮರುವರ್ಷ ತಲಚೇರಿಯಲ್ಲಿ ನೆಲೆ ನಿಂತರು. ಅಲ್ಲಿಂದ 1847ರಲ್ಲಿ ‘ರಾಜ್ಯಸಮಾಚಾರಂ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಮಲೆಯಾಳದ ಮೊದಲ ಪತ್ರಿಕೆಯೆಂದು ಹೆಸರಾದದ್ದು ಅದೇ. ಒಂದೇ ವಿದ್ಯಾಪೀಠದಲ್ಲಿ ಓದಿದ ಇಬ್ಬರು ಗೆಳೆಯರು, ಅರಬ್ಬೀ ಸಮುದ್ರದ ಒಂದೇ ಕರಾವಳಿಯಲ್ಲಿ, ನಾಲ್ಕು ವರ್ಷಗಳ ಅಂತರದಲ್ಲಿ ಎರಡು ನೆರೆಭಾಷೆಗಳ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ್ದು ಸೋಜಿಗದ ಸಂಗತಿ. ಮೊಗ್ಲಿಂಗರು 1881ರಲ್ಲಿ ಎಸ್ಲಿಂಗನ್ನಿನಲ್ಲಿ ತೀರಿಕೊಂಡ ಮರುವರ್ಷವೇ ಗುಂಡರ್ಟರು ಗೆಳೆಯನ ಜೀವನಚರಿತ್ರೆಯನ್ನು ಪ್ರಕಟಿಸಿದರು. ಹಳೆಯ ಕಾಗದಗಳು ಒಬ್ಬನ ಕೈಯಲ್ಲಿ ಉಳಿದಿದ್ದರಿಂದ ಇನ್ನೊಬ್ಬನ ಬಾಳು ನಮಗೆ ದೊರಕಿತು. ಈ ಗುಂಡರ್ಟರೇ ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಾಯಿಯ ತಂದೆ. ಗುಂಡರ್ಟರ ಮಲಬಾರಿನ ದಿನಚರಿ 1983ರಲ್ಲಿ ಅಚ್ಚಾಯಿತು. ಅವರ ಸಂಗ್ರಹದ ಹಸ್ತಪ್ರತಿಗಳನ್ನು ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯ ಈಗ ಎಲ್ಲರೂ ನೋಡಬಹುದಾದಂತೆ ತೆರೆದಿಟ್ಟಿದೆ.

ಕಾಗದ ಓಡಾಡುತ್ತಿದ್ದ ವೇಗವನ್ನು ನೆನೆಯದೆ ಅದರ ಸ್ವಭಾವ ತಿಳಿಯುವುದಿಲ್ಲ. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ, ಮೊಗ್ಲಿಂಗರ ಕಾಲದಲ್ಲಿ, ಬೊಂಬಾಯಿಯಿಂದ ಉಗಿಹಡಗಿನಲ್ಲಿ ಸುಯೆಜ್‌ವರೆಗೆ ಹೋದ ಅಂಚೆಯನ್ನು ಈಜಿಪ್ಟಿನ ಮರಳುಗಾಡು ದಾಟಿಸಿ ಅಲೆಕ್ಸಾಂಡ್ರಿಯದಲ್ಲಿ ಮತ್ತೆ ಹಡಗಿಗೆ ಏರಿಸಬೇಕಾಗಿತ್ತು. ಮಂಗಳೂರಿನ ಕಾಗದ ಯೂರೋಪನ್ನು ಮುಟ್ಟಲು ಸುಮಾರು ಎರಡು ತಿಂಗಳು. ಉತ್ತರ ಬರಲು ಮತ್ತೆರಡು ತಿಂಗಳು. ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಪ್ರಶ್ನೆಯೇ ಹಳತಾಗಿರುತ್ತಿತ್ತು. ಹಿಂದುಸ್ತಾನದ ಒಳಗಾದರೂ, 1854ರಲ್ಲಿ ಕಾಲು ತೊಲ ತೂಕದ ಕಾಗದಕ್ಕೆ ದೂರವೆಷ್ಟೇ ಇರಲಿ ಅರ್ಧ ಆಣೆ ಎಂಬ ಕಟ್ಟಳೆ ಬರುವವರೆಗೆ, ದೂರ ಹೆಚ್ಚಿದಂತೆ ಅಂಚೆಯ ದರವೂ ಹೆಚ್ಚುತ್ತಿತ್ತು. ಹಾಗಾಗಿ ಹಗುರ ಹಾಳೆಯ ಎರಡೂ ಮಗ್ಗುಲಿಗೆ ಒತ್ತೊತ್ತಾಗಿ ಬರೆಯುವುದು ಅಂದಿನ ಪದ್ಧತಿ. ಇಂದು ಅವುಗಳನ್ನು ಓದಬಯಸುವವನಿಗೆ ಜರ್ಮನ್ ಭಾಷೆ ಬಂದರಷ್ಟೇ ಸಾಲದು; ಜರ್ಮನರಲ್ಲಿಯೇ ಹೆಚ್ಚಿನವರಿಗೆ ಓದಲು ಬಾರದ ಹಳೆಯ ಮೋಡಿ ಬರಹ ಬರಬೇಕು. ನಮ್ಮ ಕಡತಗಳಲ್ಲಿ ಮೋಡಿ ಲಿಪಿಯ ಕಷ್ಟವೆಷ್ಟೋ ಇದೂ ಅಷ್ಟೇ.

ಈಗ ಪತ್ರಿಕೆಯ ಕಾಲಕ್ಕೇ ಬರೋಣ. ‘ಮಂಗಳೂರ ಸಮಾಚಾರ’ ನಡೆಯುತ್ತಿದ್ದಾಗಲೇ, 1844ರ ಜನವರಿಯಲ್ಲಿ, ಮೊಗ್ಲಿಂಗರ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ಕ್ರೈಸ್ತ ದೀಕ್ಷೆ ಪಡೆದರು. ಊರು ಅಲ್ಲೋಲಕಲ್ಲೋಲವಾಯಿತು. ಕೌಂಡಿನ್ಯರು ಗುರುವಿನ ಹೆಸರನ್ನೇ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು. 1846ರಲ್ಲಿ ಮೊಗ್ಲಿಂಗರು ಅವರನ್ನು ಯೂರೋಪಿಗೆ ಕರೆದೊಯ್ದರು. ಬಾಸೆಲಿನಲ್ಲಿ ಓದಿ 1851ರಲ್ಲಿ ಅವರು ಪಾದ್ರಿಯಾಗಿ ಮರಳಿದರು. ಮಿಶನರಿಗಳ ಕಾಗದದಲ್ಲಿ ಆ ಜನವರಿಯ ದಿನ ಸಂತೋಷದ ದಿನ. ಕೌಂಡಿನ್ಯರ ಮನೆಯಲ್ಲಿ ಅದು ಮಗನನ್ನು ಕಳೆದುಕೊಂಡ ದಿನ. ಆದರೆ ಮನೆಯ ಕಡೆಯ ಕಾಗದ ಚರಿತ್ರೆಯ ಕಟ್ಟಿಗೆ ಸೇರಲಿಲ್ಲ; ಬಾಸೆಲಿನ ಕಡೆಯದು ಸೇರಿತು. ನಮ್ಮವರು ಅಂಥ ಕಾಗದವನ್ನು ಹೊಸಿಲ ಹೊರಗೇ ಹರಿಯುವವರು. ಅವರು ಮರಣವನ್ನೂ ಕಡತಕ್ಕೆ ಸೇರಿಸಿ ಅದಕ್ಕೊಂದು ಅಂಕೆ ಕೊಡುವವರು. ಒಂದೇ ಘಟನೆಯ ಒಂದು ಮಗ್ಗುಲು ಮಾತ್ರ ಇತಿಹಾಸವಾಗಿ ಉಳಿಯುವುದು ಹೀಗೆ.

ಈ ಕಾಗದಗಳನ್ನು ಓದುವಾಗ ನಾವು ಎದುರಿಸಲೇಬೇಕಾದ ತೊಡಕು ಇನ್ನೊಂದಿದೆ. 1848ರಿಂದ 1853ರವರೆಗೆ ಮೊಗ್ಲಿಂಗರು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಕೃತಿಗಳನ್ನು ಮಂಗಳೂರಿನ ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕೇಸಮೇಜರ್ ಇದಕ್ಕೆ ಧನಸಹಾಯ ಮಾಡಿದರು. ಓಲೆಗರಿಯಲ್ಲಿಯೂ ಹಾಡುವವರ ನಾಲಗೆಯಲ್ಲಿಯೂ ಇದ್ದ ದಾಸರ ಪದಗಳು ಪುಸ್ತಕರೂಪದಲ್ಲಿ ಅಚ್ಚಾದದ್ದು 1850ರಲ್ಲಿ. ಈ ಕೆಲಸಕ್ಕಾಗಿಯೇ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟು ನೀಡಿತು. ಅವರ ಉದ್ದೇಶವಾದರೋ ಈ ನಾಡಿನ ಜನ ತಮ್ಮ ಮತವನ್ನು ಬಿಟ್ಟು ಇವರ ಮತಕ್ಕೆ ಬರಬೇಕೆಂಬುದು. ಅದನ್ನು ಅವರು ಮುಚ್ಚಿಟ್ಟವರಲ್ಲ. ಆ ಕಾಲದ ಮಿಶನರಿ ಬರಹದಲ್ಲಿ ನಮ್ಮ ದೇವರುಗಳನ್ನೂ ಆಚಾರಗಳನ್ನೂ ಕುರಿತು ಇರುವ ಮಾತುಗಳು ಇಂದಿನ ಓದುಗನ ಮನಸ್ಸನ್ನು ನೋಯಿಸುತ್ತವೆ. ಪುರಂದರದಾಸರ ಹಾಡನ್ನು ಅಚ್ಚು ಹಾಕಿಸಿದ ಕೈಯೇ ಆ ಹಾಡಿನ ದೈವವನ್ನು ನಿರಾಕರಿಸುವ ಕಾಗದವನ್ನೂ ಬರೆಯಬಲ್ಲುದಾಗಿತ್ತು.

ನಾನು ತರಗತಿಯಲ್ಲಿ ಪಾಠ ಹೇಳುತ್ತಿದ್ದಷ್ಟು ಕಾಲವೂ ಇದನ್ನು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಿದ್ದೆ: ಉದ್ದೇಶ ಮತಪ್ರಚಾರ, ಫಲ ಕನ್ನಡ ಸೇವೆ. ಪರೀಕ್ಷೆಗೆ ಅಷ್ಟು ಸಾಕು. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ 1974ರಲ್ಲಿ ಬಂದ ಮೇಲೆ ಆ ಶತಮಾನದ ಚಿತ್ರ ನಮಗೆಲ್ಲ ವಿಶದವಾಯಿತು. ಆದರೂ ಮನುಷ್ಯನನ್ನು ಹಾಗೆ ಎರಡಾಗಿ ಸೀಳುವುದು ಸರಿಯಲ್ಲವೆಂದು ಈಗ ಅನಿಸುತ್ತದೆ. ಒಬ್ಬರ ಮನಸ್ಸನ್ನು ಗೆಲ್ಲಬೇಕಾದರೆ ಅವರ ಹಾಡನ್ನು ಕಲಿಯಬೇಕು. ಹಾಡನ್ನು ಕಲಿತವನು ಮೊದಲಿನವನಾಗಿಯೇ ಉಳಿಯುವುದು ಕಷ್ಟ. ಜರ್ಮನಿಗೆ ಮರಳಿದ ಮೇಲೂ ಮೊಗ್ಲಿಂಗರು ಜೈಮಿನಿ ಭಾರತದ ಅನುವಾದದಲ್ಲಿ ತೊಡಗಿದ್ದರೆಂಬುದನ್ನು ನೆನೆಯಬೇಕು. ಅಲ್ಲಿ ಅವರು ಮತಕ್ಕೆ ತರಬೇಕಾದ ಲಕ್ಷ್ಮೀಶನ ಭಕ್ತರು ಯಾರೂ ಇರಲಿಲ್ಲ.

ಗೃಹಜೀವನದ ಕಥೆಯನ್ನೂ ಇಲ್ಲಿ ಹೇಳಬೇಕು. ಮೊಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗೋಟ್‌ಫ್ರೀಡ್ ವೈಗ್ಲೆ ಕನ್ನಡವನ್ನು ಆಳವಾಗಿ ಬಲ್ಲವರು. 1848ರಷ್ಟು ಹಿಂದೆಯೇ ಜರ್ಮನ್ ವಿದ್ವತ್ಪತ್ರಿಕೆಯಲ್ಲಿ ಕನ್ನಡ ಭಾಷೆ ಸಾಹಿತ್ಯಗಳನ್ನು ಪರಿಚಯಿಸಿದವರು. 1855ರಲ್ಲಿ ಅವರು ತೀರಿಕೊಂಡರು. ಪತ್ನಿ ಪೌಲೀನ ಪರದೇಶದಲ್ಲಿ ಮಕ್ಕಳೊಂದಿಗೆ ಒಂಟಿಯಾದರು. ಮರುವರ್ಷ ಮೊಗ್ಲಿಂಗರು ಅವರನ್ನು ಮದುವೆಯಾದರು. ಆಗ ಮೊಗ್ಲಿಂಗರಿಗೆ ನಲವತ್ತೈದರ ಸಮೀಪ. 1860ರಲ್ಲಿ ಪೌಲೀನರ ಅನಾರೋಗ್ಯದ ಕಾರಣದಿಂದ ದಂಪತಿಗಳು ಈ ನಾಡನ್ನು ಬಿಟ್ಟು ಹೋದರು. ಮೊಗ್ಲಿಂಗರು ಮತ್ತೆ ಬರಲಿಲ್ಲ. ವರದಿಯ ಭಾಷೆಯಲ್ಲಿ ಇದೆಲ್ಲ ಮೂರು ಸಾಲು. ಗೆಳೆಯನ ಸಾವು, ಅವನ ಹೆಂಡತಿ ಮಕ್ಕಳ ಹೊಣೆ, ಇಪ್ಪತ್ತನಾಲ್ಕು ವರ್ಷ ಬಾಳಿದ ನೆಲವನ್ನು ಬಿಡುವ ಸಂಕಟ, ಇವು ಖಾಸಗಿ ಕಾಗದಕ್ಕೆ ಸೇರಿದ ವಿಷಯಗಳು.

ಇವುಗಳ ನಡುವೆ ಕೊಡಗಿನ ಪ್ರಸಂಗ ಬರುತ್ತದೆ. 1850ರಲ್ಲಿ ಬಾಸೆಲ್ ಸಂಸ್ಥೆಯ ಆಡಳಿತ ಯೋಸೆನ್‌ಹಾನ್ಸ್ ಎಂಬ ಶಿಸ್ತಿನ ಅಧಿಕಾರಿಯ ಕೈಗೆ ಬಂದಿತ್ತು. ದೂರದಿಂದ ಬರುವ ಅಪ್ಪಣೆಗೂ ಇಲ್ಲಿನ ಅನುಭವಕ್ಕೂ ತಾಳೆಯಾಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಆಲಮಂಡ ಸೋಮಯ್ಯನೆಂಬ ಕೊಡವ ಗೃಹಸ್ಥ ದೀಕ್ಷೆಯನ್ನು ಅರಸಿ ಬಂದ. ಮೊಗ್ಲಿಂಗರು ಅವನೊಂದಿಗೆ ಕೊಡಗಿಗೆ ಹೋದರು. ಕುಲಸ್ಥರ ವಿರೋಧವನ್ನು ಎದುರಿಸಿ ಸೋಮಯ್ಯ 1853ರಲ್ಲಿ ದೀಕ್ಷೆ ಪಡೆದ. ಮುಂದೆ ಆನಂದಪುರವೆಂಬ ಹೊಸ ಊರನ್ನು ಕಟ್ಟಿ ಹೊಲೆಯರ ಕುಟುಂಬಗಳನ್ನು ಅಲ್ಲಿ ನೆಲೆಗೊಳಿಸಿದರು. 1855ರಲ್ಲಿ ಮೊಗ್ಲಿಂಗರ ಕೊಡಗಿನ ಚರಿತ್ರೆಯ ಇಂಗ್ಲಿಷ್ ಪುಸ್ತಕ ನಮ್ಮ ಬೆಂಗಳೂರಿನಲ್ಲಿಯೇ ಅಚ್ಚಾಯಿತು. ಸೋಮಯ್ಯನನ್ನು ನಾವು ಕಾಣುವುದು ಮೊಗ್ಲಿಂಗರ ಕಣ್ಣಿನಿಂದ. ಆನಂದಪುರದ ಹೊಲೆಯರನ್ನು ಕಾಣುವುದೂ ಅದೇ ಕಣ್ಣಿನಿಂದ. ಅವರ ಕೈಬರಹ ನಮಗೆ ಇಲ್ಲ. ಸಿರಿವಂತನಲ್ಲದ, ಓದು ಬರಹವಿಲ್ಲದ ಮನುಷ್ಯ ಚರಿತ್ರೆಯೊಳಗೆ ಬರಬೇಕಾದರೆ ಇನ್ನೊಬ್ಬನ ಕಾಗದದೊಳಗೆ ಹೊಕ್ಕು ಬರಬೇಕಾಗುತ್ತದೆ.

ಸಂಪಾದಕರ ಖಾಸಗಿ ಕಾಗದಗಳಿಗೆ ಏಕೆ ಇಷ್ಟು ಬೆಲೆ ಎಂದು ಕೇಳಬಹುದು. ಹೊರದೇಶದ ಒಂದು ನಿದರ್ಶನ ಕೊಡುತ್ತೇನೆ. ಅಮೆರಿಕದಲ್ಲಿ ಹೊರೇಸ್ ಗ್ರೀಲಿ ಎಂಬ ಹೆಸರಾಂತ ಸಂಪಾದಕನಿದ್ದ. ‘ಮಂಗಳೂರ ಸಮಾಚಾರ’ಕ್ಕಿಂತ ಎರಡು ವರ್ಷ ಮೊದಲು, 1841ರಲ್ಲಿ, ಅವನು ‘ನ್ಯೂಯಾರ್ಕ್ ಟ್ರಿಬ್ಯೂನ್’ ಆರಂಭಿಸಿದ. 1861ರ ಅಂತರ್ಯುದ್ಧದಲ್ಲಿ ಶತ್ರುಗಳ ರಾಜಧಾನಿಯ ಮೇಲೆ ಕೂಡಲೇ ದಂಡೆತ್ತಿ ಹೋಗಬೇಕೆಂದು ಅವನ ಪತ್ರಿಕೆ ದಿನದಿನವೂ ಘೋಷಿಸಿತು. ಜುಲೈ 21ರಂದು ಸೈನ್ಯ ಸೋತು ಓಡಿಬಂತು. ಒಂದು ವಾರದ ಬಳಿಕ, ಜುಲೈ 29ರಂದು, ಅದೇ ಗ್ರೀಲಿ ಅಧ್ಯಕ್ಷ ಲಿಂಕನ್ನರಿಗೆ ಖಾಸಗಿಯಾಗಿ ಒಂದು ಕಾಗದ ಬರೆದ. ತನಗೆ ನಿದ್ದೆಯಿಲ್ಲ, ಗೆಲ್ಲುವ ಭರವಸೆ ಇಲ್ಲವಾದರೆ ಸಂಧಿಗೆ ಹಿಂಜರಿಯಬಾರದು ಎಂಬುದು ಅದರ ತಾತ್ಪರ್ಯ. ಲಿಂಕನ್ನರು ಅದನ್ನು ಪ್ರಕಟಿಸಿ ಅವನ ಮಾನ ಕಳೆಯಲಿಲ್ಲ, ಕಟ್ಟಿ ಒಳಗಿಟ್ಟರು. ಪತ್ರಿಕೆಯನ್ನಷ್ಟೇ ಓದಿದವನಿಗೆ ಗ್ರೀಲಿ ಗುಡುಗುವ ಧೀರ. ಕಾಗದವನ್ನೂ ಓದಿದವನಿಗೆ ತನ್ನ ಮಾತಿನ ಫಲವನ್ನು ಕಂಡು ನಡುಗಿದ ಮನುಷ್ಯ. ಎರಡನ್ನೂ ಕೂಡಿಸಿದಾಗಲೇ ಅವನು ಪೂರ್ತಿಯಾಗುತ್ತಾನೆ.

ಮೊಗ್ಲಿಂಗರ ಬಳಿಕ ಕನ್ನಡದಲ್ಲಿ ಕನ್ನಡಿಗರೇ ಪತ್ರಿಕೆಗಳನ್ನು ನಡೆಸಿದರು. ಮೈಸೂರಿನಲ್ಲಿ ‘ವೃತ್ತಾಂತ ಚಿಂತಾಮಣಿ’ ಹಾಗೂ ‘ಸಾಧ್ವಿ’ ಪತ್ರಿಕೆಗಳನ್ನು ನಡೆಸಿದ ತಾತಯ್ಯ ವೆಂಕಟಕೃಷ್ಣಯ್ಯನವರಂಥ ಹಿರಿಯರನ್ನು ನಾಡು ಭಕ್ತಿಯಿಂದ ನೆನೆಯುತ್ತದೆ. ಆದರೆ ಆ ತಲೆಮಾರಿನವರನ್ನು ನಾವು ಬಹುಮಟ್ಟಿಗೆ ಅವರ ಪತ್ರಿಕೆಯಿಂದ ಬಲ್ಲೆವು, ಅವರ ಕಾಗದಗಳಿಂದ ಅಲ್ಲ. ಪರದೇಶದಿಂದ ಬಂದು ಇಪ್ಪತ್ತನಾಲ್ಕು ವರ್ಷ ಇದ್ದು ಹೋದವರ ಮನಸ್ಸು ನಮಗೆ ಗೊತ್ತು. ನಮ್ಮ ನಡುವೆಯೇ ಹುಟ್ಟಿ ಬಾಳಿದವರ ಮನಸ್ಸು ಗೊತ್ತಿಲ್ಲ. ದೋಷ ಅವರದಲ್ಲ. ಕಾಗದವನ್ನು ಇಟ್ಟುಕೊಳ್ಳಬೇಕಾದದ್ದು ಬರೆದವರಲ್ಲ, ಪಡೆದವರು.

ಈ ದೋಷದಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಒಪ್ಪಿಕೊಳ್ಳದೆ ಮುಗಿಸಲಾರೆ. ಯಲಹಂಕದ ಮನೆಯನ್ನು ಕೆಡವಿ ನಾವು ಆರ್.ಟಿ. ನಗರದ ಸಣ್ಣ ಮನೆಗೆ ಬಂದಾಗ ನಡುಮನೆಯ ಆ ಎರಡು ತಂತಿಗಳನ್ನು ಹಳೆಯ ಕಾಗದದ ಅಂಗಡಿಗೆ ಹಾಕಿದವನು ನಾನೇ. ನಮ್ಮ ತಂದೆಯವರಿಗೆ ಅವರ ಗೆಳೆಯರು, ಮೇಷ್ಟರುಗಳು, ಒಂದು ಸಣ್ಣ ಪತ್ರಿಕೆ ನಡೆಸಿ ಕೈಸುಟ್ಟುಕೊಂಡ ಒಬ್ಬ ಹಿರಿಯರು ಬರೆದ ಕಾರ್ಡುಗಳು ಅದರಲ್ಲಿದ್ದವು. ಧೂಳು ಹಿಡಿದಿದೆ, ಓದುವವರು ಯಾರು ಎಂದುಕೊಂಡೆ. ಅಂಗಡಿಯವನು ತೂಕ ಮಾಡುವ ಮೊದಲು ತಂತಿಗಳನ್ನು ಹೊರಕ್ಕೆಳೆದು ಬದಿಗಿಟ್ಟ. ಕಬ್ಬಿಣದ ಬೆಲೆ ಬೇರೆಯಂತೆ. ಅದೇ ವಾರ ನಾನು ತರಗತಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಆಧಾರಸಾಮಗ್ರಿಯ ಕೊರತೆಯನ್ನು ಕುರಿತು ಪಾಠ ಹೇಳಿದ್ದೆ.

ನಿಮ್ಮ ಮನೆಯ ಅಟ್ಟದ ಮೇಲೋ, ಹಳೆಯ ಟ್ರಂಕಿನ ತಳದಲ್ಲೋ ಅಂಥ ಕಟ್ಟೊಂದು ಇನ್ನೂ ಇದ್ದರೆ ದಯವಿಟ್ಟು ಒಂದು ಸಂಜೆ ಬಿಡುವು ಮಾಡಿಕೊಂಡು ಕುಳಿತು ಓದಿ. ಬರೆದವರು ಯಾರು, ಯಾವ ಊರಿನವರು, ನಿಮಗೇನಾಗಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ. ಇಡಲು ಸ್ಥಳವಿಲ್ಲವಾದರೆ ಹತ್ತಿರದ ಕಾಲೇಜಿನ ಗ್ರಂಥಾಲಯವನ್ನೋ ಪತ್ರಾಗಾರವನ್ನೋ ಒಮ್ಮೆ ವಿಚಾರಿಸಿ. ತೂಕಕ್ಕೆ ಹಾಕುವುದಕ್ಕೆ ಮುಂಚೆ ಇಷ್ಟನ್ನಾದರೂ ಮಾಡಬಹುದು. ನಾನು ಮಾಡಲಿಲ್ಲ.